ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಅವರು ಬಾಸೆಲ್ ಮಿಷನ್ನಿನ ಮೂಲಕ ಕರ್ನಾಟಕಕ್ಕೆ ಬಂದು, ಎರಡು ದಶಕಗಳಿಗೂ ಹೆಚ್ಚು ಕಾಲ ಮಂಗಳೂರು, ಧಾರವಾಡ ಪ್ರದೇಶ ಹಾಗೂ ಕೊಡಗಿನಲ್ಲಿ ಕೆಲಸ ಮಾಡಿದ ಜರ್ಮನ್ ಮಿಷನರಿ, ಪತ್ರಕರ್ತ ಮತ್ತು ಗ್ರಂಥ ಸಂಪಾದಕ. ಕನ್ನಡದ ಮೊದಲ ಪತ್ರಿಕೆಯೆಂದು ಮಾನ್ಯವಾಗಿರುವ 'ಮಂಗಳೂರು ಸಮಾಚಾರ'ದ ಸಂಪಾದಕರಾಗಿ ಅವರು ಹೆಸರುವಾಸಿಯಾಗಿದ್ದಾರೆ. ಕನ್ನಡದ ಹಳೆಯ ಕಾವ್ಯಗಳನ್ನು ಮುದ್ರಣಕ್ಕೆ ತಂದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯೂ ಅವರ ಸಂಪಾದನೆಯೇ. ಬೈಬಲ್ಲಿನ ಅಂತ್ಯಕಾಲದ ಭವಿಷ್ಯವಾಣಿಗಳನ್ನು ತೀವ್ರ ನಿರೀಕ್ಷೆಯಿಂದ ಓದುತ್ತಿದ್ದ ಧಾರ್ಮಿಕ ವಾತಾವರಣದಿಂದ ಬಂದ ಅವರು, ಉತ್ತರ ಕರ್ನಾಟಕದಲ್ಲಿ ಕನ್ನಡದ ಕಾಲಜ್ಞಾನ ಪರಂಪರೆಯನ್ನು ಎದುರುಗೊಂಡರು. ಈ ಎರಡು ನಿರೀಕ್ಷೆಗಳ ಭೇಟಿ ಅವರ ಜೀವನದ ಹೆಚ್ಚು ಪರಿಚಿತವಲ್ಲದ, ಆದರೆ ಮಹತ್ವದ ಅಧ್ಯಾಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮೋಗ್ಲಿಂಗ್ ಅವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿದರು. ಆ ಕಾಲದ ಟ್ಯೂಬಿಂಗನ್ನಿನಲ್ಲಿ ಬೈಬಲ್ಲನ್ನು ಓದುವ ಎರಡು ವಿರುದ್ಧ ರೀತಿಗಳು ಮುಖಾಮುಖಿಯಾಗಿದ್ದವು. ಒಂದು ಕಡೆ ಸುವಾರ್ತೆಗಳನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವ ಹೊಸ ವಿಮರ್ಶೆಯಿತ್ತು. ಅಲ್ಲಿ ಬೋಧಕರಾಗಿದ್ದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ 1835–36ರಲ್ಲಿ ಪ್ರಕಟಿಸಿದ ಯೇಸುವಿನ ಜೀವನ ಕುರಿತ ಗ್ರಂಥ ಯುರೋಪಿನಾದ್ಯಂತ ವಿವಾದವೆಬ್ಬಿಸಿತು. ಇನ್ನೊಂದು ಕಡೆ, ಬೈಬಲ್ಲಿನ ಪ್ರತಿ ಪದವನ್ನೂ ಜೀವಂತ ವಾಕ್ಯವೆಂದು ನಂಬುವ ಪೈಯೆಟಿಸಂ ಎಂಬ ಭಕ್ತಿಪಂಥವು ವುರ್ಟೆಂಬರ್ಗಿನ ಹಳ್ಳಿಹಳ್ಳಿಗಳಲ್ಲಿ ಬೇರೂರಿತ್ತು. ಮೋಗ್ಲಿಂಗ್ ಎರಡನೆಯ ಮಾರ್ಗವನ್ನು ಆರಿಸಿಕೊಂಡು ಬಾಸೆಲ್ ಮಿಷನ್ ಸೇರಿದರು. ಆ ಮಿಷನ್ನಿನ ಹೆಚ್ಚಿನ ಮಿಷನರಿಗಳು ಕುಶಲಕರ್ಮಿ ಹಾಗೂ ಕೃಷಿಕ ಕುಟುಂಬಗಳಿಂದ ಬಂದವರು. ವಿಶ್ವವಿದ್ಯಾಲಯದ ಶಿಕ್ಷಣ ಪಡೆದವರು ವಿರಳವಾಗಿದ್ದರು. ಮೋಗ್ಲಿಂಗ್ ಅಂಥ ವಿರಳರಲ್ಲಿ ಒಬ್ಬರು.

ಹಿನ್ನೆಲೆ: 1836ರ ನಿರೀಕ್ಷೆ

ವುರ್ಟೆಂಬರ್ಗಿನ ಭಕ್ತಿಪಂಥದ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಗ್ರೀಕ್ ಹೊಸ ಒಡಂಬಡಿಕೆಯ ಪಾಠಭೇದಗಳನ್ನು ಶಾಸ್ತ್ರೀಯವಾಗಿ ತುಲನೆ ಮಾಡಿದ ಆರಂಭಿಕ ವಿದ್ವಾಂಸರಲ್ಲಿ ಅವರೊಬ್ಬರು. ಅದೇ ಬೆಂಗೆಲ್ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟಣೆ ಗ್ರಂಥದ ಸಂಖ್ಯೆಗಳಿಂದ ಲೋಕದ ಇತಿಹಾಸದ ಕಾಲಪಟ್ಟಿಯನ್ನು ರಚಿಸಲು ಯತ್ನಿಸಿದರು. ಆ ಗ್ರಂಥದಲ್ಲಿ ಬರುವ ಮೃಗದ ಸಂಖ್ಯೆ 666ನ್ನು ವರ್ಷಗಳೆಂದೂ, ಮೃಗದ ಆಳ್ವಿಕೆಯ 42 ತಿಂಗಳು ಅದೇ ಅವಧಿಯೆಂದೂ ಅವರು ಭಾವಿಸಿದರು. ಅದರಂತೆ ಭವಿಷ್ಯವಾಣಿಯ ಒಂದು ತಿಂಗಳು ಸುಮಾರು 15 ವರ್ಷ 10 ತಿಂಗಳಿಗೆ ಸಮನಾಗುತ್ತದೆ. ಈ ಅಳತೆಗೋಲಿನಿಂದ ಲೆಕ್ಕಹಾಕಿ, ಸೈತಾನನು ಬಂಧಿತನಾಗಿ ಸಾವಿರ ವರ್ಷಗಳ ಶಾಂತಿಯುಗ ತೊಡಗುವ ದಿನ 1836ರ ಜೂನ್ 18 ಎಂಬ ತೀರ್ಮಾನಕ್ಕೆ ಬಂದರು. ಆ ವರ್ಷ ಗಮನಾರ್ಹ ಬದಲಾವಣೆಯಿಲ್ಲದೆ ಕಳೆದುಹೋದರೆ ತಮ್ಮ ಪದ್ಧತಿಯ ಮೂಲದಲ್ಲಿಯೇ ತಪ್ಪಿದೆ ಎಂದು ತಿಳಿಯಬೇಕೆಂದೂ ಅವರು ಮುಂಚಿತವಾಗಿ ಒಪ್ಪಿಕೊಂಡಿದ್ದರು.

ಈ ನಿರೀಕ್ಷೆ ಕೇವಲ ಪುಸ್ತಕದ ಮಾತಾಗಿ ಉಳಿಯಲಿಲ್ಲ. ನೆಪೋಲಿಯನ್ ಯುದ್ಧಗಳ ಮತ್ತು 1816ರ ಕ್ಷಾಮದ ನಂತರ ವುರ್ಟೆಂಬರ್ಗಿನ ಸಾವಿರಾರು ಜನರು ಅಂತ್ಯಕಾಲದ ಆಶ್ರಯಸ್ಥಾನ ಅರಸುತ್ತ ಕಾಕಸಸ್ ಪ್ರದೇಶದತ್ತ ವಲಸೆ ಹೋದರು. ಸ್ವದೇಶದಲ್ಲಿಯೇ ಉಳಿದವರಿಗಾಗಿ 1819ರಲ್ಲಿ ಕೊರ್ನ್‌ಟಾಲ್ ಎಂಬ ಪ್ರತ್ಯೇಕ ಭಕ್ತಸಮುದಾಯದ ಊರು ಸ್ಥಾಪನೆಯಾಯಿತು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿಗೆ ಕಾರ್ಯಕರ್ತರನ್ನೂ ಹಣವನ್ನೂ ಒದಗಿಸಿದ್ದು ಬಹುಮಟ್ಟಿಗೆ ಇದೇ ಸಮಾಜ. ಯುಗಾಂತ್ಯಕ್ಕೆ ಮೊದಲು ಸುವಾರ್ತೆಯು ಎಲ್ಲ ಜನಾಂಗಗಳಿಗೂ ಸಾರಲ್ಪಡಬೇಕೆಂಬ ನಂಬಿಕೆ ಅದರ ದೂರದೇಶದ ಕಾರ್ಯಕ್ಕೆ ಒಂದು ಪ್ರಬಲ ಪ್ರೇರಣೆಯಾಗಿತ್ತು.

ಸುಗ್ಗಿಯ ಸಾಮ್ಯಗಳು

ಈ ನಂಬಿಕೆಯ ಕೇಂದ್ರದಲ್ಲಿದ್ದುದು ಯೇಸು ಹೇಳಿದ ಬಿತ್ತನೆ ಮತ್ತು ಸುಗ್ಗಿಯ ಸಾಮ್ಯಗಳು. ಬೈಬಲ್ಲಿನಲ್ಲಿ ಸುಗ್ಗಿ ಎಂಬ ರೂಪಕಕ್ಕೆ ಒಂದೇ ಅರ್ಥವಿಲ್ಲ.

ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗೋಧಿ ಮತ್ತು ಕಳೆಯ ಸಾಮ್ಯ ಬರುತ್ತದೆ. ಒಡೆಯನು ಒಳ್ಳೆಯ ಬೀಜ ಬಿತ್ತಿದ ಹೊಲದಲ್ಲಿ ರಾತ್ರಿ ವೈರಿಯು ಬಂದು ಕಳೆಯನ್ನು ಬಿತ್ತುತ್ತಾನೆ. ಕಳೆಯನ್ನು ಕೀಳಲು ಹೊರಟ ಆಳುಗಳನ್ನು ಒಡೆಯನು ತಡೆದು, ಗೋಧಿಯೂ ಕಿತ್ತುಬಂದೀತೆಂದು ಎಚ್ಚರಿಸಿ, ಕೊಯಿಲಿನವರೆಗೆ ಎರಡನ್ನೂ ಒಟ್ಟಿಗೆ ಬೆಳೆಯಬಿಡುತ್ತಾನೆ. ಇಲ್ಲಿ ಹೊಲವೆಂದರೆ ಲೋಕ, ಸುಗ್ಗಿಯೆಂದರೆ ಯುಗದ ಸಮಾಪ್ತಿ, ಕೊಯ್ಯುವವರು ದೇವದೂತರು ಎಂಬ ವಿವರಣೆಯನ್ನು ಸುವಾರ್ತೆಯೇ ನೀಡುತ್ತದೆ. ಪ್ರಕಟಣೆ ಗ್ರಂಥದ 14ನೆಯ ಅಧ್ಯಾಯದಲ್ಲಿ ಭೂಮಿಯ ಪೈರಿಗೆ ಕುಡುಗೋಲು ಹಾಕುವ ದೃಶ್ಯವೂ ಅಂತಿಮ ತೀರ್ಪಿನ ಚಿತ್ರವೇ.

ಮತ್ತಾಯ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಮತ್ತು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸುಗ್ಗಿಯು ಮುಂದೆಂದೋ ಬರುವಂಥದ್ದಲ್ಲ. ಬೆಳೆ ಆಗಲೇ ಕೊಯಿಲಿಗೆ ಬಂದಿದೆ, ಕೊರತೆಯಿರುವುದು ಕೆಲಸಗಾರರದು. ಇಲ್ಲಿ ಕೊಯ್ಯುವವರು ಮನುಷ್ಯರು. ಹತ್ತೊಂಬತ್ತನೆಯ ಶತಮಾನದ ಮಿಷನ್ ಸಂಸ್ಥೆಗಳು ಹೆಚ್ಚಾಗಿ ಆಧರಿಸಿದ್ದು ಈ ಓದನ್ನು. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಮೂರನೆಯದೊಂದು ನೋಟವಿದೆ. ಬಿತ್ತಿದವನು ಮಲಗಿ ಏಳುತ್ತಿರುವಾಗ ಬೀಜವು ಅವನಿಗೆ ತಿಳಿಯದ ರೀತಿಯಲ್ಲಿ ತಾನಾಗಿ ಮೊಳೆತು, ಗರಿಯಾಗಿ, ತೆನೆಯಾಗಿ ಮಾಗುತ್ತದೆ. ಬಿತ್ತುವವನಿಗೆ ಬೆಳೆಯ ಗತಿಯ ಮೇಲೆ ಹಿಡಿತವಿಲ್ಲವೆಂಬುದು ಇದರ ತಿರುಳು. ಲೆಕ್ಕದಿಂದ ತಿಳಿಯಬಹುದಾದ ಸುಗ್ಗಿ, ಕೈಗೆ ಬಂದು ನಿಂತಿರುವ ಸುಗ್ಗಿ, ಕಾದು ನೋಡಬೇಕಾದ ಸುಗ್ಗಿ ಎಂಬ ಈ ಮೂರು ನೋಟಗಳ ನಡುವಿನ ಎಳೆದಾಟವು ಬಾಸೆಲ್ ಮಿಷನ್ನಿನ ಆರಂಭದ ದಶಕಗಳನ್ನು ಅರಿಯಲು ನೆರವಾಗುತ್ತದೆ.

ಕರ್ನಾಟಕಕ್ಕೆ ಆಗಮನ

ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಸ್ಯಾಮುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಭಾರತದ ಮೊದಲ ಠಾಣೆಯನ್ನು ತೆರೆದರು. ಬೆಂಗೆಲ್ ಗುರುತಿಸಿದ್ದ 1836ರಲ್ಲಿಯೇ ಮೋಗ್ಲಿಂಗ್ ಅವರೂ ಮಂಗಳೂರನ್ನು ತಲುಪಿದರು. ಶಾಂತಿಯುಗ ತೊಡಗಬೇಕಿದ್ದ ದಿನ ಎಂದಿನಂತೆಯೇ ಕಳೆದುಹೋಗಿತ್ತು. ಮಿಷನ್ನಿನ ಕೆಲಸ ಮಾತ್ರ ವಿಸ್ತರಿಸುತ್ತ ಹೋಯಿತು: 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಠಾಣೆಗಳು ಆರಂಭವಾದವು.

ಮೋಗ್ಲಿಂಗ್ ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಆ ವೇಳೆಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಸಂಪೂರ್ಣ ಕನ್ನಡ ಬೈಬಲ್ (1831) ಬಳಕೆಯಲ್ಲಿತ್ತು. ಅದರ ಭಾಷೆಯನ್ನು ತಿದ್ದುವ ಕೆಲಸದಲ್ಲಿ ಮೋಗ್ಲಿಂಗರ ಬಂಧುವೂ ಸಹಕಾರ್ಯಕರ್ತರೂ ಆಗಿದ್ದ ಗಾಟ್‌ಫ್ರೀಡ್ ವೈಗಲ್ ಮುಂದೆ ಪ್ರಮುಖ ಪಾತ್ರ ವಹಿಸಿದರು. ಜನರ ಮಾತು, ಗಾದೆ, ಹಾಡುಗಳನ್ನು ಅರಿಯದೆ ಸುವಾರ್ತೆಯ ಸಾಮ್ಯಗಳನ್ನು ಕನ್ನಡದಲ್ಲಿ ಹೇಳುವುದು ಸಾಧ್ಯವಿಲ್ಲವೆಂಬ ಅರಿವೇ ಇಬ್ಬರನ್ನೂ ಕನ್ನಡ ಸಾಹಿತ್ಯದತ್ತ ಕರೆದೊಯ್ದಿತು. ಮಂಗಳೂರಿನ ಬಲ್ಮಠದಲ್ಲಿ ಮೋಗ್ಲಿಂಗ್ ಸ್ಥಳೀಯ ಯುವಕರಿಗಾಗಿ ವಸತಿಶಾಲೆಯನ್ನು ನಡೆಸಿ, ದೈವಶಾಸ್ತ್ರದ ಶಿಕ್ಷಣಕ್ಕೆ ಬುನಾದಿ ಹಾಕಿದರು.

ಕಾಲಜ್ಞಾನಿಗಳು ಮತ್ತು ಮಲ್ಲಸಮುದ್ರ

ಹುಬ್ಬಳ್ಳಿ–ಧಾರವಾಡ ಪ್ರದೇಶದಲ್ಲಿ ಮಿಷನರಿಗಳು ಅಂತ್ಯಕಾಲದ ಮತ್ತೊಂದು ನಿರೀಕ್ಷೆಯನ್ನು ಕಂಡರು. ಬಸವಣ್ಣ, ಚನ್ನಬಸವಣ್ಣ, ಸಿದ್ಧರಾಮ ಮೊದಲಾದ ಶರಣರ ಹೆಸರಿನಲ್ಲಿ ಪ್ರಚಲಿತವಾಗಿದ್ದ ಕಾಲಜ್ಞಾನದ ವಚನಗಳು ಕಲ್ಯಾಣದ ಪತನವನ್ನೂ, ಪರರ ಆಳ್ವಿಕೆಯ ಕಷ್ಟಕಾಲವನ್ನೂ, ಕೊನೆಗೆ ವೀರ ವಸಂತರಾಯನೆಂಬ ಅರಸನ ಆಗಮನವನ್ನೂ, ಶರಣರ ಮರಳುವಿಕೆಯನ್ನೂ, ಕಲ್ಯಾಣದ ಪುನರ್ನಿರ್ಮಾಣವನ್ನೂ ಮುಂತಿಳಿಸುತ್ತವೆ. 1584ರಲ್ಲಿ ವಿರೂಪಾಕ್ಷ ಪಂಡಿತ ರಚಿಸಿದ 'ಚನ್ನಬಸವಪುರಾಣ'ದಲ್ಲಿಯೂ ಈ ಬಗೆಯ ಭವಿಷ್ಯಕಥನ ಸೇರಿದೆ.

1839–40ರ ಸುಮಾರಿಗೆ ಈ ಪರಂಪರೆಯ ಅನುಯಾಯಿಗಳು ಮಿಷನರಿಗಳ ಸಂಪರ್ಕಕ್ಕೆ ಬಂದರು. ಮಿಷನ್ನಿನ ದಾಖಲೆಗಳು ಇವರನ್ನು ಕಾಲಜ್ಞಾನಿಗಳೆಂದು ಕರೆಯುತ್ತವೆ. ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಸಮೀಪಿಸಿದೆಯೆಂದು ನಂಬಿದ್ದ ಅವರು ಹೊಸ ಬೋಧಕರ ಮಾತನ್ನು ಕುತೂಹಲದಿಂದ ಆಲಿಸಿದರು. ಬರಲಿರುವ ಅರಸನ ಕುರಿತ ಮಾತು ಎರಡು ಕಡೆಯೂ ಇದ್ದುದರಿಂದ, ಇಡೀ ಸಮುದಾಯವೇ ಕ್ರೈಸ್ತಮತವನ್ನು ಸ್ವೀಕರಿಸಬಹುದೆಂಬ ಆಸೆ ಮಿಷನರಿಗಳಲ್ಲಿ ಮೂಡಿತು. ಹೊಸದಾಗಿ ಸೇರುವವರು ಜಾತಿಯಿಂದ ಹೊರಬಿದ್ದು ಹೊಲಮನೆ ಕಳೆದುಕೊಳ್ಳುವ ಸಂಭವವಿದ್ದುದರಿಂದ, ಅವರಿಗಾಗಿ ಒಂದು ಕೃಷಿ ವಸಾಹತನ್ನು ನಿರ್ಮಿಸುವ ಯೋಜನೆ ರೂಪುಗೊಂಡಿತು. ಮೋಗ್ಲಿಂಗ್ ಈ ಯೋಜನೆಯ ಉತ್ಸಾಹಿ ಬೆಂಬಲಿಗರಾಗಿದ್ದರು. 1841ರಲ್ಲಿ ಗದಗ–ಬೆಟಗೇರಿ ಸಮೀಪದ ಮಲ್ಲಸಮುದ್ರದಲ್ಲಿ ಜಮೀನು ಪಡೆದು, ಮಿಷನರಿ ಫ್ರೈ ಅವರ ಮೇಲ್ವಿಚಾರಣೆಯಲ್ಲಿ ವಸಾಹತನ್ನು ಆರಂಭಿಸಲಾಯಿತು.

ಆದರೆ ಕಾಲಜ್ಞಾನಿಗಳು ಅಲ್ಲಿ ನೆಲೆಸಲು ಬರಲಿಲ್ಲ. ದೂರದಿಂದ ಒಂದೇ ಎಂದು ಕಂಡ ಎರಡು ನಿರೀಕ್ಷೆಗಳು ಹತ್ತಿರದಲ್ಲಿ ಬೇರೆಬೇರೆಯಾಗಿದ್ದವು. ಕಾಲಜ್ಞಾನದ ನಂಬಿಕೆಯು ಕಲ್ಯಾಣವೆಂಬ ಈ ನೆಲದ ಊರಿಗೆ, ಶರಣರ ಪರಂಪರೆಗೆ ಕಟ್ಟುಬಿದ್ದದ್ದು. ಅದು ಪೂರ್ಣಗೊಳ್ಳುವುದೆಂದರೆ ತಮ್ಮ ಧರ್ಮದ ಪುನರುದ್ಧಾರ, ಅದನ್ನು ತೊರೆಯುವುದಲ್ಲ. ಮಿಷನರಿಗಳಿಗೆ ಅದು ಬೇರೊಂದು ಧರ್ಮಕ್ಕೆ ದಾರಿ ಮಾಡಿಕೊಡುವ ಮುನ್ಸೂಚನೆಯಾಗಿ ತೋರಿತ್ತು. ದೊಡ್ಡ ಸಂಖ್ಯೆಯ ಮತಾಂತರದ ಆಸೆ ಕೈಗೂಡದೆ ಹೋಯಿತು. ಆ ಭಾಗದ ಮಿಷನ್ನಿನ ಮುಖ್ಯ ಠಾಣೆಯಾಗಿ ಮುಂದೆ ಬೆಟಗೇರಿ ಬೆಳೆಯಿತು.

ಮಂಗಳೂರು ಸಮಾಚಾರ

1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಸ್ಥಾಪನೆಯಾಯಿತು. 1843ರ ಜುಲೈ 1ರಂದು ಮೋಗ್ಲಿಂಗ್ ಸಂಪಾದಕತ್ವದಲ್ಲಿ 'ಮಂಗಳೂರು ಸಮಾಚಾರ'ದ ಮೊದಲ ಸಂಚಿಕೆ ಹೊರಬಂದಿತು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪಗಳು, ಅನ್ಯದೇಶಗಳ ಸುದ್ದಿ, ನೀತಿಕಥೆಗಳ ಜೊತೆಗೆ ಪುರಂದರದಾಸರ ಪದಗಳೂ ಇದರಲ್ಲಿ ಪ್ರಕಟವಾಗುತ್ತಿದ್ದವು. ಧರ್ಮಪ್ರಚಾರದ ಸಂಸ್ಥೆಯೊಂದು ನಡೆಸುತ್ತಿದ್ದ ಪತ್ರಿಕೆಯಾದರೂ, ನಿಶ್ಚಿತ ಸುದ್ದಿಯನ್ನು ವದಂತಿಯಿಂದ ಬೇರ್ಪಡಿಸಿ ಜನರಿಗೆ ತಲುಪಿಸುವುದು ಅದರ ಘೋಷಿತ ಉದ್ದೇಶವಾಗಿತ್ತು. 1844ರ ಆರಂಭದವರೆಗೆ ಮಂಗಳೂರಿನಿಂದ ಹೊರಟ ಪತ್ರಿಕೆ ನಂತರ ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು.

ಆನಂದರಾವ್ ಕೌಂಡಿನ್ಯ

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ (1825–1893) ಮತ್ತು ಇತರ ಇಬ್ಬರು ದೀಕ್ಷಾಸ್ನಾನ ಪಡೆದರು. ಇದು ನಗರದಲ್ಲಿ ತೀವ್ರ ಪ್ರಕ್ಷುಬ್ಧತೆಗೆ ಕಾರಣವಾಯಿತು. ಕೌಂಡಿನ್ಯರು ಮನೆ, ಕುಟುಂಬ ಮತ್ತು ಸಮುದಾಯದಿಂದ ದೂರವಾಗಬೇಕಾಯಿತು. ಮುಂದೆ ಅವರು ಮೋಗ್ಲಿಂಗರೊಂದಿಗೆ ಯುರೋಪಿಗೆ ತೆರಳಿ ಬಾಸೆಲ್ಲಿನಲ್ಲಿ ಶಿಕ್ಷಣ ಪಡೆದು, 1851ರಲ್ಲಿ ಗುರುದೀಕ್ಷೆ ಹೊಂದಿ ಹಿಂದಿರುಗಿದರು. ಮಂಗಳೂರಿನ ದೈವಶಾಸ್ತ್ರ ಶಾಲೆಯಲ್ಲಿ ಬೋಧಕರಾದರು. ಮಲ್ಲಸಮುದ್ರದಲ್ಲಿ ನಿರೀಕ್ಷಿಸಿದ ಸಾವಿರಾರು ಜನರಿಗೆ ಹೋಲಿಸಿದರೆ ಮಂಗಳೂರಿನ ಮೂವರು ಅತ್ಯಲ್ಪ ಸಂಖ್ಯೆ. ಆದರೆ ಮೋಗ್ಲಿಂಗರ ಮುಂದಿನ ಕೆಲಸಕ್ಕೆ ಬಹುಕಾಲ ಆಧಾರವಾಗಿ ನಿಂತವರು ಕೌಂಡಿನ್ಯರು.

ಬಿಬ್ಲಿಯೊಥೆಕಾ ಕರ್ನಾಟಿಕಾ

ಮೈಸೂರಿನ ರೆಸಿಡೆಂಟರಾಗಿದ್ದು ನಿವೃತ್ತರಾದ ಕಾಸಾಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ 1848ರಿಂದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯನ್ನು ಪ್ರಕಟಿಸಿದರು. ಓಲೆಗರಿ ಮತ್ತು ಕೈಬರಹದ ಪ್ರತಿಗಳಲ್ಲಿದ್ದ ಕೃತಿಗಳನ್ನು ಸಂಗ್ರಹಿಸಿ, ವೈಗಲ್ ಮೊದಲಾದವರ ನೆರವಿನಿಂದ ಪರಿಶೀಲಿಸಿ ಕಲ್ಲಚ್ಚಿನಲ್ಲಿ ಮುದ್ರಿಸಲಾಯಿತು. ಲಕ್ಷ್ಮೀಶನ 'ಜೈಮಿನಿ ಭಾರತ', ಕುಮಾರವಾಲ್ಮೀಕಿಯ 'ತೊರವೆ ರಾಮಾಯಣ', ಭೀಮಕವಿಯ 'ಬಸವಪುರಾಣ', ವಿರೂಪಾಕ್ಷ ಪಂಡಿತನ 'ಚನ್ನಬಸವಪುರಾಣ', ಕುಮಾರವ್ಯಾಸ ಭಾರತದ ಭಾಗ ಹಾಗೂ ದಾಸರ ಪದಗಳು ಈ ಮಾಲೆಯಲ್ಲಿ ಬಂದವು.

ಈ ಪಟ್ಟಿಯಲ್ಲಿ 'ಚನ್ನಬಸವಪುರಾಣ' ಇರುವುದು ಗಮನಾರ್ಹ. ಕಾಲಜ್ಞಾನಿಗಳ ನಿರೀಕ್ಷೆಗೆ ಹಿನ್ನೆಲೆಯಾದ ಕಥನವನ್ನು ಒಳಗೊಂಡ ಗ್ರಂಥವು ಮಿಷನ್ನಿನ ಮುದ್ರಣಾಲಯದಿಂದಲೇ ಓದುಗರ ಕೈಸೇರಿತು. ಮೋಗ್ಲಿಂಗರ ದೈವಶಾಸ್ತ್ರದಲ್ಲಿ ಈ ಕೃತಿಗಳಿಗೆ ಸತ್ಯದ ಸ್ಥಾನವಿರಲಿಲ್ಲ. ಜಾತಿ ಮತ್ತು ವಿಗ್ರಹಾರಾಧನೆಯನ್ನು ಖಂಡಿಸುವ 'ಜಾತಿ ವಿಚಾರಣೆ', 'ದೇವ ವಿಚಾರಣೆ'ಯಂತಹ ಕಿರುಪುಸ್ತಕಗಳನ್ನೂ ಅವರೇ ಬರೆದಿದ್ದಾರೆ. ಹಾಗಿದ್ದೂ, ತಾವು ಒಪ್ಪದ ಗ್ರಂಥಗಳನ್ನು ತಿದ್ದದೆ, ಟೀಕೆಯಿಂದ ಮುಚ್ಚದೆ ಅಚ್ಚುಹಾಕಿಸಿದ್ದು ಅವರ ಸಂಪಾದನೆಯ ವೈಶಿಷ್ಟ್ಯ.

ಕೊಡಗಿನಲ್ಲಿ

1852ರ ವೇಳೆಗೆ ಅನಾರೋಗ್ಯದಿಂದ ಬಳಲಿದ ಮೋಗ್ಲಿಂಗ್ ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದರು. ಆ ಹೊತ್ತಿಗೆ ಕೊಡಗಿನ ಆಲ್ಮಂಡ ಮನೆತನದ ಸೋಮಯ್ಯ ಎಂಬವರು ಮಂಗಳೂರಿಗೆ ಬಂದು ಕ್ರೈಸ್ತಮತವನ್ನು ಸ್ವೀಕರಿಸಿ ಸ್ಟೆಫಾನಸ್ ಸೋಮಯ್ಯ ಎಂಬ ಹೆಸರು ಪಡೆದರು. 1853ರಲ್ಲಿ ಮೋಗ್ಲಿಂಗ್ ಅವರೊಂದಿಗೆ ಕೊಡಗಿಗೆ ತೆರಳಿದರು. ಅದು ಆಗ ಬಾಸೆಲ್ ಮಿಷನ್ನಿನ ಅಧಿಕೃತ ಠಾಣೆಯಾಗಿರಲಿಲ್ಲ. ಸೋಮಯ್ಯನವರು ತಮ್ಮ ಜನರ ತೀವ್ರ ವಿರೋಧವನ್ನು ಎದುರಿಸಬೇಕಾಯಿತು. ಮತಾಂತರಗೊಂಡವನಿಗೆ ಕುಟುಂಬದ ಜಮ್ಮಾ ಭೂಮಿಯಲ್ಲಿ ಹಕ್ಕು ಉಳಿಯುತ್ತದೆಯೇ ಎಂಬುದು ದೊಡ್ಡ ಪ್ರಶ್ನೆಯಾಯಿತು.

ಕೊಡಗಿನಲ್ಲಿಯೂ ನಿರೀಕ್ಷೆಗೂ ಫಲಕ್ಕೂ ಅಂತರವಿತ್ತು. ಭೂಮಾಲೀಕ ಕೊಡವರು ದೊಡ್ಡ ಸಂಖ್ಯೆಯಲ್ಲಿ ಸೇರಲಿಲ್ಲ. ಬದಲಾಗಿ ಅವರ ಗದ್ದೆಗಳಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳು ಮಿಷನ್ನಿನತ್ತ ಬಂದವು. 1850ರ ದಶಕದ ಕೊನೆಯಲ್ಲಿ ಕೌಂಡಿನ್ಯರು ಸ್ವಂತ ಹಣದಿಂದ ಪಡೆದ ಭೂಮಿಯಲ್ಲಿ ಆನಂದಪುರವೆಂಬ ನೆಲೆ ಬೆಳೆದು, ಅಲ್ಲಿ ಈ ಕುಟುಂಬಗಳು ಕಾಫಿ ತೋಟದ ಕೆಲಸಗಾರರಾಗಿ ನೆಲೆಯೂರಿದವು. ಮಲ್ಲಸಮುದ್ರದಲ್ಲಿ ಯಾರಿಗಾಗಿ ಹೊಲ ಸಿದ್ಧಪಡಿಸಲಾಗಿತ್ತೋ ಅವರು ಬರಲಿಲ್ಲ. ಆನಂದಪುರಕ್ಕೆ ಬಂದವರು ಮೊದಲ ಯೋಜನೆಯಲ್ಲಿ ಯಾರೂ ಎಣಿಸದಿದ್ದ ಜನ.

ಕೊಡಗಿನ ಇತಿಹಾಸ, ಜನಜೀವನ ಮತ್ತು ಮಿಷನ್ ಕಾರ್ಯವನ್ನು ವಿವರಿಸುವ ಮೋಗ್ಲಿಂಗರ ಇಂಗ್ಲಿಷ್ ಗ್ರಂಥ 'ಕೂರ್ಗ್ ಮೆಮಾಯರ್ಸ್' 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾಯಿತು. ದೊಡ್ಡ ವೀರರಾಜೇಂದ್ರನ ಕಾಲದ ಇತಿಹಾಸವಾದ 'ರಾಜೇಂದ್ರನಾಮೆ'ಯನ್ನು ಅವರು 1857ರಲ್ಲಿ ಕನ್ನಡದಲ್ಲಿ ಸಂಪಾದಿಸಿದರು. ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕೊನೆಯ ವರ್ಷಗಳು

ವೈಗಲ್ ಅವರು 1855ರಲ್ಲಿ ನಿಧನರಾದ ಬಳಿಕ ಮೋಗ್ಲಿಂಗ್ ಅವರ ವಿಧವೆ ಪೌಲಿನ್ ಅವರನ್ನು ವಿವಾಹವಾದರು. ಪತ್ನಿಯ ಅನಾರೋಗ್ಯದ ಕಾರಣ 1860ರಲ್ಲಿ ಕುಟುಂಬವು ಜರ್ಮನಿಗೆ ಮರಳಿತು. ಮೋಗ್ಲಿಂಗ್ ಮತ್ತೆ ಕರ್ನಾಟಕಕ್ಕೆ ಬರಲಿಲ್ಲ. ಆದರೆ ಕನ್ನಡದ ಕೆಲಸ ನಿಲ್ಲಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಜರ್ಮನ್ ಪ್ರಾಚ್ಯ ಅಧ್ಯಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1866ರಲ್ಲಿ ಕೊಡಗು ಮತ್ತು ಅಲ್ಲಿನ ಮಿಷನ್ ಕುರಿತು ಜರ್ಮನ್ ಗ್ರಂಥವೊಂದು ಹೊರಬಂದಿತು. 1881ರ ಮೇ 10ರಂದು ಎಸ್ಲಿಂಗನ್ ನಗರದಲ್ಲಿ ಅವರು ನಿಧನರಾದರು.

ಪ್ರಭಾವ ಮತ್ತು ಮೌಲ್ಯಮಾಪನ

ಮೋಗ್ಲಿಂಗ್ ಮತ್ತು ವೈಗಲ್ ಆರಂಭಿಸಿದ ಗ್ರಂಥಸಂಗ್ರಹ ಹಾಗೂ ಭಾಷಾಧ್ಯಯನದ ಪರಂಪರೆಯನ್ನು ಫರ್ಡಿನಾಂಡ್ ಕಿಟೆಲ್ (1832–1903) ಮುಂದುವರಿಸಿದರು. ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂದಿತು. 'ಚನ್ನಬಸವಪುರಾಣ'ವನ್ನು ಮಿಷನರಿ ವುರ್ತ್ 1860ರ ದಶಕದಲ್ಲಿ ಇಂಗ್ಲಿಷಿಗೆ ಭಾಷಾಂತರಿಸಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮೋಗ್ಲಿಂಗರ ಕುರಿತು ಭಿನ್ನ ಅಭಿಪ್ರಾಯಗಳಿವೆ. ಸ್ಥಳೀಯ ಧರ್ಮಗಳ ಬಗ್ಗೆ ಅವರ ಬರಹಗಳಲ್ಲಿರುವ ಕಠೋರತೆಯನ್ನೂ, ವಸಾಹತುಶಾಹಿ ಆಡಳಿತದ ನೆರಳಿನಲ್ಲಿ ನಡೆದ ಮತ ಪ್ರಚಾರವನ್ನೂ ವಿಮರ್ಶಕರು ಎತ್ತಿ ತೋರಿಸುತ್ತಾರೆ. ಪತ್ರಿಕೋದ್ಯಮ ಮತ್ತು ಗ್ರಂಥಸಂಪಾದನೆಯ ಇತಿಹಾಸಕಾರರು ಅವರನ್ನು ಆದ್ಯಪ್ರವರ್ತಕರೆಂದು ಗೌರವಿಸುತ್ತಾರೆ. ಮತಾಂತರದ ದೃಷ್ಟಿಯಿಂದ ನೋಡಿದರೆ ಅವರು ನಿರೀಕ್ಷಿಸಿದ ದೊಡ್ಡ ಸುಗ್ಗಿ ಕೈಗೂಡಲಿಲ್ಲ. ಸಾಧನವೆಂದು ಕೈಗೆತ್ತಿಕೊಂಡ ಪತ್ರಿಕೆ, ಮುದ್ರಣ ಮತ್ತು ಗ್ರಂಥಸಂಗ್ರಹಗಳು ಶಾಶ್ವತ ಫಲವಾಗಿ ಉಳಿದವು. 'ಮಂಗಳೂರು ಸಮಾಚಾರ'ದ ಮೊದಲ ಸಂಚಿಕೆ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪ್ರತಿವರ್ಷ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ.

ಪ್ರಮುಖ ಕೃತಿಗಳು ಮತ್ತು ಸಂಪಾದನೆಗಳು

ಮಂಗಳೂರು ಸಮಾಚಾರ (1843–44, ಪಾಕ್ಷಿಕ ಪತ್ರಿಕೆ)
ಬಿಬ್ಲಿಯೊಥೆಕಾ ಕರ್ನಾಟಿಕಾ (1848ರಿಂದ, ಗ್ರಂಥಮಾಲೆ)
ಜಾತಿ ವಿಚಾರಣೆ (ಕಿರುಪುಸ್ತಕ)
ದೇವ ವಿಚಾರಣೆ (ಕಿರುಪುಸ್ತಕ)
ಕೂರ್ಗ್ ಮೆಮಾಯರ್ಸ್ (1855, ಇಂಗ್ಲಿಷ್)
ರಾಜೇಂದ್ರನಾಮೆ (1857, ಸಂಪಾದನೆ)
ದಾಸ್ ಕುರ್ಗ್‌ಲಾಂಡ್ (1866, ಜರ್ಮನ್)